ಮೂರಕ್ಕ ನಿಂದ್ರಾಂಗಿಲ್ಲ

ತಿಂಗಳ ಕೊನೆಯ ರಾತ್ರಿ. ಬಲಾರ್ಡ್ ಎಸ್ಟೇಟಿನ
ಹಳೆಯ ಕಲ್ಲುಕಟ್ಟಡದ ಮೂರನೇ ಮಹಡಿ.
ಸಹಕಾರಿ ಬ್ಯಾಂಕಿನ ಬಡ್ಡಿ ಲೆಕ್ಕ
ಹನ್ನೊಂದಕ್ಕೆ ಹೊರಟದ್ದು, ಎರಡಾದರೂ
ಘಾಟ್ಕೋಪರ್ ಶಾಖೆಯಲ್ಲೇ ತೆವಳುತ್ತಿದೆ.
ಹಾರ್ಬರ್ ಲೈನಿನ ಕೊನೆಯ ಗಾಡಿ ಹೋಗಿ ಎಷ್ಟೋ ಹೊತ್ತಾಯಿತು.
ಬಂದರಿನ ಉಪ್ಪುಗಾಳಿಗೆ ತುಕ್ಕು ಹಿಡಿದ ಏಸಿ
ಆಗಾಗ ಗಂಟಲು ಸರಿಮಾಡಿಕೊಳ್ಳುತ್ತದೆ.

ತೆರೆಯ ಮೇಲೆ ಹದಿನಾರು ಕೋರುಗಳ ಹದಿನಾರು ಪಟ್ಟಿ.
ಮೊದಲ ನಾಲ್ಕು ಕೆಂಪಗೆ, ನೆತ್ತಿಯವರೆಗೆ.
ಉಳಿದ ಹನ್ನೆರಡು
ತೊಳೆದು ಬೋರಲು ಹಾಕಿದ ಲೋಟಗಳು.

ಡೇಟಾಬೇಸಿಗೆ ತಾಯಿ ಒಬ್ಬಳೇ.
ಬಾಗಿಲು ತಟ್ಟಿದವರಿಗೆಲ್ಲ ಒಂದೊಂದು ಮಗುವನ್ನು
ಹೆತ್ತು ಕಳಿಸುತ್ತಾಳೆ.
ಮುಲುಂಡಿನ ಎಟಿಎಮ್ಮಿಗೆ ಒಂದು,
ನಿದ್ದೆ ಬಾರದೆ ಬ್ಯಾಲೆನ್ಸ್ ನೋಡುವ ಯಾರಿಗೋ ಒಂದು,
ಬಡ್ಡಿ ಲೆಕ್ಕಕ್ಕೇ ಮೂವತ್ತು.
ಈ ಹೊತ್ತಿಗೆ ಇನ್ನೂರ ಹನ್ನೆರಡು ಮಕ್ಕಳು,
ಎಲ್ಲರೂ ಆ ನಾಲ್ಕೇ ಕೋಣೆಗಳಲ್ಲಿ,
ಮೊಣಕೈಗೆ ಮೊಣಕೈ ತಾಗಿಸಿ ಸರದಿ ಕಾಯುತ್ತ.
ಪಕ್ಕದ ಹನ್ನೆರಡಕ್ಕೆ ಬೀಗವಿಲ್ಲ.
ಯಾರೂ ಅತ್ತ ನೋಡುವುದಿಲ್ಲ.

ತಾಯಿಯ ಮಾಸ್ಕ್ ಏನೆಂದು ಕೇಳಿದೆ. ಉತ್ತರ ಒಂದೇ ಅಕ್ಷರ, ಎಫ್.
ಅಂದರೆ ನಾಲ್ಕು.
ನಿನ್ನೆ ಹುಟ್ಟಿದ ಮಗುವನ್ನು ಕೇಳಿದೆ, ಎಫ್.
ಈಗಷ್ಟೇ ಹುಟ್ಟಿದ್ದನ್ನು, ಎಫ್.
ಇನ್ನೊಂದು, ಕೇಳುವಷ್ಟರಲ್ಲಿ ಸತ್ತಿತ್ತು.

ಯಂತ್ರ ಏಳುವಾಗ ಓದಿಕೊಳ್ಳುವ ಕಡತದಲ್ಲಿ ಆ ಸಾಲು ಸಿಕ್ಕಿತು.
ಕೆಳಗೆ ದಾಂಡೇಕರರ ಟಿಪ್ಪಣಿ,
ಲೈಸೆನ್ಸ್ ನಾಲ್ಕಕ್ಕೆ ಮಾತ್ರ. ಮುಟ್ಟಬೇಡಿ.
ಆ ಲೈಸೆನ್ಸ್ ಈಗಿಲ್ಲ.
ಕೊಟ್ಟ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತು.
ಯಂತ್ರ ಮೂರು ಸಲ ಬದಲಾಯಿತು.
ದಾಂಡೇಕರರು ಅಲಿಬಾಗಿನಲ್ಲಿ ಚಿಕ್ಕು ಬೆಳೆಯುತ್ತಾರೆ.
ಸಾಲು ಮಾತ್ರ ಡಿಸ್ಕಿನಿಂದ ಡಿಸ್ಕಿಗೆ ನಕಲಾಗುತ್ತ ಬಂದಿದೆ,
ಮನೆ ಬದಲಿಸಿದಾಗಲೆಲ್ಲ ಮೊದಲು ಹೊತ್ತು ತರುವ
ದೇವರ ಪಟದ ಹಾಗೆ.

ಇದೇ ಕಟ್ಟಡದಲ್ಲಿ ನನ್ನಪ್ಪ ಭೀಮಶಾ ಲಿಫ್ಟ್‌ಮನ್ ಆಗಿದ್ದ.
ಜಾಲರಿ ಬಾಗಿಲು, ಹಿತ್ತಾಳೆ ಹಿಡಿ, ಮರದ ಸ್ಟೂಲು.
ಕರೆಂಟು ಉಳಿಸಲು ಯಾವನೋ ಮಾಲೀಕ ಹೇಳಿದ್ದನಂತೆ,
ಎರಡು, ನಾಲ್ಕು, ಆರು. ಅಷ್ಟೇ.
ಶನಿವಾರ ಅವನ ಡಬ್ಬಿ ತಂದವಳು
ಸ್ಟೂಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು
ಏರುತ್ತಿದ್ದೆ, ಇಳಿಯುತ್ತಿದ್ದೆ.
ಮೂರನೇ ಮಹಡಿ ಜಾಲರಿಯಾಚೆ
ಬೆಳಕಿನ ಒಂದು ಗೆರೆಯಾಗಿ ಜಾರಿಹೋಗುತ್ತಿತ್ತು.

ಅಲ್ಲೇನದ, ಅಪ್ಪಾ?

ಮೂರಕ್ಕ ನಿಂದ್ರಾಂಗಿಲ್ಲ.

ನಾನು ಕೇಳಿದ್ದು ಅದಲ್ಲ.
ಶಾಲೆಯಲ್ಲಿ ಕಟ್ಟಡದ ಚಿತ್ರ ಬರೆಯಲು ಹೇಳಿದಾಗ
ಎರಡು, ನಾಲ್ಕು, ಆರು ಎಂದು ಮಹಡಿಗೆ ಅಂಕಿ ಹಾಕಿದೆ.
ಟೀಚರು ಪೆನ್ಸಿಲಿನಲ್ಲಿ ಮೂರು, ಐದು ಸೇರಿಸಿಕೊಟ್ಟರು.
ಮನೆಗೆ ಬಂದು ಅಳಿಸಿದೆ.

ಎರಡೂವರೆ. ತಾಯಿಯ ಒಂದು ಎಫ್ ಇದ್ದಲ್ಲಿ
ನಾಲ್ಕು ಎಫ್ ಬರೆದೆ.
ಏನೂ ಆಗಲಿಲ್ಲ.
ಮರೆತಿದ್ದೆ. ತಾಯಿಯ ಕಟ್ಟು ಬಿಚ್ಚಿದರೆ
ಇನ್ನು ಹುಟ್ಟುವವರಿಗಷ್ಟೇ ಬಿಡುಗಡೆ.
ಹುಟ್ಟಿಯಾದವರು, ಹುಟ್ಟುವಾಗ ಉಟ್ಟದ್ದನ್ನೇ ಉಟ್ಟಿರುತ್ತಾರೆ.
ಒಬ್ಬೊಬ್ಬರ ಸಂಖ್ಯೆ ಹಿಡಿದು ಕರೆದು
ಒಬ್ಬೊಬ್ಬರಿಗೇ ಹೇಳಬೇಕು.
ಒಂದು ಸಾಲಿನ ಲೂಪು ಬರೆದರೆ ಸಾಕು, ಗೊತ್ತು.
ಆದರೂ ಮೊದಲ ಏಳೆಂಟನ್ನು
ಕೈಯಾರೆ ಮಾಡಿದೆ, ಯಾಕೋ.

ಲೋಟಗಳು ಒಂದೊಂದಾಗಿ ಎದ್ದು ಕೂತು ತುಂಬಿಕೊಂಡವು.
ಫ್ಯಾನುಗಳ ದನಿ ಏರಿತು.
ಘಾಟ್ಕೋಪರ್ ಮುಗಿಯಿತು. ಚೆಂಬೂರು, ವಾಶಿ, ಪನವೇಲ್,
ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿದವು.

ನಾಲ್ಕೂಕಾಲಿಗೆ ಕೆಳಗಿಳಿದು
ಸೈಕಲ್ಲಿನ ಮೇಲೆ ಮಾರುವವನ ಬಳಿ ಚಹಾ ಕುಡಿದೆ.
ಮೇಲೆ ಹೋಗಲು ಹೊಸ ಲಿಫ್ಟು.
ಆರು ಗುಂಡಿ, ಆರೂ ಬೆಳಗುತ್ತವೆ.
ಮೂರಕ್ಕೂ ನಿಲ್ಲುತ್ತದೆ, ಹನ್ನೊಂದು ವರ್ಷದಿಂದ.

ನಾಲ್ಕು ಒತ್ತಿದೆ.
ಹೊರಬಂದು, ಒಂದು ಮಹಡಿ ಮೆಟ್ಟಿಲಿಳಿದು
ಬಾಗಿಲಿಗೆ ಕಾರ್ಡು ತೋರಿಸಿದೆ.